ಪುತ್ತೂರಿನ ಕರಿಹಲಗೆಯ ಮೇಲೆ ಇಂಗ್ಲಿಷ್ ವಾಕ್ಯ

ಪುತ್ತೂರಿನಿಂದ ಸವಣೂರು, ಕಾಣಿಯೂರು ದಾರಿಯಾಗಿ ಸುಬ್ರಹ್ಮಣ್ಯದ ಕಡೆಗೆ ಹೊರಟರೆ ಮುಕ್ವೆ ಕಳೆದ ಮೇಲೆ ಪುರುಷರಕಟ್ಟೆ, ನರಿಮೊಗರು. ಅಡಿಕೆ ತೋಟ, ಗೇರುಗುಡ್ಡಗಳ ನಡುವಿನ ಈ ಊರಿನಲ್ಲಿ ಸರಕಾರಿ ಶಾಲೆಯೂ ಇದೆ, ಸಾಂದೀಪನಿ ವಿದ್ಯಾಸಂಸ್ಥೆಯೂ ಇದೆ. ಪುತ್ತೂರು, ಕಡಬ, ಸುಳ್ಯದ ಯಾವ ಶಾಲೆಗೆ ಹೋಗಿ ಮಕ್ಕಳ ಮನೆಮಾತು ವಿಚಾರಿಸಿದರೂ ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ, ಅರೆಭಾಷೆ ಎಂದು ಉತ್ತರಗಳು ಬರುತ್ತವೆ. ಪುಸ್ತಕದ ಕನ್ನಡವೇ ಅನೇಕರಿಗೆ ಶಾಲೆಯಲ್ಲಿ ಕಲಿಯುವ ಭಾಷೆ. ಅದರ ಮೇಲೆ ಇಂಗ್ಲಿಷ್. ಅಷ್ಟು ಹೊತ್ತಿಗೆ ಕಿವಿಯಲ್ಲಿ ಎರಡು ಮೂರು ಭಾಷೆಗಳ ವಾಕ್ಯ ಕಟ್ಟುವ ರೀತಿ ಗಟ್ಟಿಯಾಗಿ ಕೂತಿರುತ್ತದೆ. ಆ ಕಿವಿಗೆ ಇಂಗ್ಲಿಷಿನ ಉಪವಾಕ್ಯ, ಅಂದರೆ ಕ್ಲಾಜ್, ಬಂದು ಸೇರಿದ್ದು ಹೇಗೆ ಎಂಬುದಕ್ಕೆ ಸುಮಾರು ಇನ್ನೂರು ವರ್ಷಗಳ ಕಥೆಯಿದೆ.

ಮೊದಲು ಒಂದು ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದುಕೊಳ್ಳೋಣ. ‘ದ ಬಾಯ್ ಹೂ ಕೇಮ್ ಲೇಟ್ ಸೆಡ್ ದಟ್ ದ ರಿವರ್ ವಾಸ್ ಇನ್ ಫ್ಲಡ್.’ ಕುಮಾರಧಾರೆಯ ಆಚೆಯಿಂದ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಬರುತ್ತಿದ್ದ ಕಾಲದ ಹುಡುಗನೊಬ್ಬ ಆಟಿ ತಿಂಗಳ ಮಳೆಯಲ್ಲಿ ಹೇಳಬಹುದಾಗಿದ್ದ ಮಾತು. ಹಳೆಯ ಹೈಸ್ಕೂಲಿನಲ್ಲಿ ಮಾಷ್ಟ್ರು ಇದನ್ನು ಬರೆದು ‘ಎನಲೈಸ್ ಮಾಡಿ’ ಎಂದರೆ ಹುಡುಗರು ಅಡ್ಡಗೆರೆ, ಉದ್ದಗೆರೆ ಎಳೆದು ಕೋಷ್ಟಕ ಹಾಕಬೇಕಿತ್ತು. ‘ದ ಬಾಯ್ ಸೆಡ್’ ಮುಖ್ಯ ವಾಕ್ಯ. ‘ಹೂ ಕೇಮ್ ಲೇಟ್’ ಹುಡುಗನನ್ನು ವಿಶೇಷಿಸುವುದರಿಂದ ಅಜೆಕ್ಟಿವ್ ಕ್ಲಾಜ್. ‘ದಟ್ ದ ರಿವರ್ ವಾಸ್ ಇನ್ ಫ್ಲಡ್’ ಅವನು ಹೇಳಿದ ಸಂಗತಿ, ಆದ್ದರಿಂದ ನೌನ್ ಕ್ಲಾಜ್. ಮುಖ್ಯ ವಾಕ್ಯಕ್ಕೆ ಅಧೀನವಾದ ಉಪವಾಕ್ಯಗಳಿರುವುದರಿಂದ ಒಟ್ಟು ವಾಕ್ಯ ಕಾಂಪ್ಲೆಕ್ಸ್. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಪ್ರತಿ ಉಪವಾಕ್ಯಕ್ಕೂ ಸಬ್ಜೆಕ್ಟ್ ಒಂದು ಕಲಮು, ಅದರ ವಿಶೇಷಣ ಇನ್ನೊಂದು, ಫೈನೈಟ್ ವರ್ಬ್ ಮತ್ತೊಂದು, ಆಬ್ಜೆಕ್ಟ್, ಕಾಂಪ್ಲಿಮೆಂಟ್, ಕೊನೆಗೆ ಎಕ್ಸ್‌ಟೆನ್ಶನ್. ಕಲಮು ತಪ್ಪಿದರೆ ಅಂಕ ಹೋಯಿತು.

ಅದೇ ಸಂಗತಿ ಕನ್ನಡದಲ್ಲಿ ಹೀಗೆ: ‘ತಡವಾಗಿ ಬಂದ ಹುಡುಗ ಹೊಳೆಯಲ್ಲಿ ನೆರೆ ಬಂದಿದೆ ಎಂದ.’ ಇಲ್ಲಿ ‘ಹೂ’ ಎಲ್ಲಿ ಹೋಯಿತು? ‘ಬಂದ’ ಎಂಬ ಕೃದಂತದೊಳಗೆ ಕರಗಿತು. ‘ದಟ್’ ಎಲ್ಲಿ? ನೆರೆಯ ಸುದ್ದಿಯ ಮುಂದೆ ನಿಲ್ಲುವ ಬದಲು ಅದರ ಹಿಂದೆ ‘ಎಂದ’ ಆಗಿ ಕೂತಿತು. ತುಳುವಿನಲ್ಲಿಯೂ ಕ್ರಮ ಇದೇ. ‘ಕೋಡೆ ಬತ್ತಿನ ಜನ’ ಎಂದರೆ ನಿನ್ನೆ ಬಂದ ವ್ಯಕ್ತಿ, ‘ಬರ್ಸ ಬತ್ತ್‌ಂಡ’ ಎಂದರೆ ಮಳೆ ಬಂದರೆ. ಇಂಗ್ಲಿಷ್ ತನ್ನ ಉಪವಾಕ್ಯದ ಬಾಗಿಲಿನಲ್ಲೇ ‘ಹೂ’, ‘ದಟ್’, ‘ಇಫ್’ ಎಂದು ಕಾವಲುಗಾರರನ್ನು ನಿಲ್ಲಿಸುತ್ತದೆ. ಕನ್ನಡ, ತುಳು ಆ ಕೆಲಸವನ್ನೆಲ್ಲ ಕ್ರಿಯಾಪದದ ಬಾಲಕ್ಕೆ ಒಪ್ಪಿಸುತ್ತವೆ. ಪುತ್ತೂರು ಸೀಮೆಯ ಹುಡುಗರು ಇಂಗ್ಲಿಷ್ ಕಲಿಯುವಾಗ ಪಟ್ಟ ಕಷ್ಟದ ಬಹುಪಾಲು ಇಲ್ಲಿಯದು. ಅದನ್ನು ಅವರ ಬುದ್ಧಿಯ ದೋಷವೆಂದು ಬಗೆದು ಬೆತ್ತ ಎತ್ತಿದ ಕಾಲವೂ ಇತ್ತು.

ಈ ಸೀಮೆಯ ಆಡಳಿತಕ್ಕೆ ಇಂಗ್ಲಿಷ್ ಬಂದದ್ದು ಸ್ವಲ್ಪ ಸುತ್ತು ದಾರಿಯಲ್ಲಿ. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕೆನರಾ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂದು ಮದರಾಸು ಪ್ರಾಂತ್ಯಕ್ಕೆ ಸೇರಿತು. ಆದರೆ ಪುತ್ತೂರು, ಅಮರ ಸುಳ್ಯದ ಮಾಗಣೆಗಳು ಕೊಡಗಿನ ಹಾಲೇರಿ ಅರಸರ ಕೈಯಲ್ಲಿದ್ದವು. 1834ರಲ್ಲಿ ಚಿಕವೀರರಾಜನನ್ನು ಕೆಳಗಿಳಿಸಿದ ಕಂಪೆನಿ ಇವನ್ನು ಕೊಡಗಿನಿಂದ ಬಿಡಿಸಿ ಕೆನರಾಕ್ಕೆ ಸೇರಿಸಿತು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಇದೇ ಸುಳ್ಯ, ಬೆಳ್ಳಾರೆ, ಪುತ್ತೂರಿನ ರೈತರು ಕಲ್ಯಾಣಪ್ಪನ ಹೆಸರಿನಲ್ಲಿ ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿದರು. ದಂಗೆ ಅಡಗಿದ ಮೇಲೆ ಕಚೇರಿ, ಕೋರ್ಟು, ಕಲೆಕ್ಟರರ ಹುಕುಂ ಎಲ್ಲವೂ ಕೆನರಾದ ಇತರ ಕಡೆಗಳಂತೆ ಇಲ್ಲಿಯೂ ಬೇರೂರಿದವು.

ಕಾಗದಪತ್ರ ಆಗಲೂ ಕನ್ನಡದಲ್ಲಿಯೇ ಹೆಚ್ಚು. ಮೂಲಗೇಣಿ, ಚಾಲಗೇಣಿಯ ಚೀಟು, ಅಡವು, ಕ್ರಯಪತ್ರ ಬರೆಯುವವರಿಗೆ ತಮ್ಮದೇ ಒಂದು ವಾಕ್ಯ ಪದ್ಧತಿ ಇತ್ತು. ಇಂಥ ಊರಿನ ಇಂಥವರ ಮಗ ಇಂಥವರು ಇಂಥವರಿಗೆ ಬರೆಸಿಕೊಟ್ಟ ಪತ್ರದ ಕ್ರಮವೆಂತೆಂದರೆ ಎಂದು ಶುರುವಾದರೆ, ಒಂದೇ ವಾಕ್ಯದಲ್ಲಿ ಗಡಿಗುರುತು, ಗೇಣಿ, ವಾಯಿದೆ, ಷರತ್ತು ಎಲ್ಲ ಬಂದು ಕೊನೆಗೊಂದು ಕ್ರಿಯಾಪದದಲ್ಲಿ ನಿಲ್ಲುತ್ತಿತ್ತು. ಈ ‘ಕ್ರಮವೆಂತೆಂದರೆ’ ಹಳೆಯ ಶಿಲಾಶಾಸನಗಳಿಂದಲೇ ಇಳಿದು ಬಂದ ಕಟ್ಟು. ಒಂದು ವಾಕ್ಯವನ್ನು ಇನ್ನೊಂದರೊಳಗೆ ಕೂರಿಸುವ ವಿದ್ಯೆ ಕನ್ನಡಕ್ಕೆ ಇಂಗ್ಲಿಷ್ ಹೇಳಿಕೊಟ್ಟದ್ದಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಉದ್ದ ವಾಕ್ಯಗಳು ಕನ್ನಡಕ್ಕೆ ಇಂಗ್ಲಿಷಿನ ಸಹವಾಸದಿಂದ ಬಂದವು ಎಂಬ ಮಾತು ಈಗಲೂ ಕೇಳಿಬರುತ್ತದೆ. ತಾಳಮದ್ದಳೆಯಲ್ಲಿ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರಂಥ ಅರ್ಥಧಾರಿಗಳು ಎಳೆ ಎಳೆಯಾಗಿ ಬೆಳೆಸಿದ ವಾಕ್ಯಗಳನ್ನು ಕೇಳಿದವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಅಂದಿನ ಊರ ಶಾಲೆಯಾದ ಐಗಳ ಮಠದಲ್ಲಿ ವಾಕ್ಯ ಎಂಬುದು ಪಾಠದ ವಿಷಯವಾಗಿರಲಿಲ್ಲ. ಅಲ್ಲಿ ಮರಳಿನ ಮೇಲೆ ಅಕ್ಷರ, ಕಾಗುಣಿತ, ಲೆಕ್ಕ, ಆಮೇಲೆ ಓಲೆಯಲ್ಲೋ ಪುಸ್ತಕದಲ್ಲೋ ಜೈಮಿನಿ ಭಾರತ. ಪಂಡಿತರ ವ್ಯಾಕರಣದಲ್ಲಿಯೂ ವಾಕ್ಯಕ್ಕೆ ಪ್ರತ್ಯೇಕ ಮಣೆ ಇರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ. ವಾಕ್ಯಪ್ರಕರಣ ಇಲ್ಲ. ಭಟ್ಟಾಕಳಂಕ 1604ರಲ್ಲಿ ಸಂಸ್ಕೃತ ಸೂತ್ರಗಳಲ್ಲಿ ಬರೆದ ‘ಕರ್ಣಾಟಕ ಶಬ್ದಾನುಶಾಸನ’ವೂ ತನ್ನ ಹೆಸರಿಗೆ ತಕ್ಕಂತೆ ಶಬ್ದದ ಶಾಸ್ತ್ರವೇ. ಹಾಗಾದರೆ ಇಂದು ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಮಕ್ಕಳು ಓದುವ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂಬ ಮೂರು ಬಗೆ ಎಲ್ಲಿಂದ ಬಂತು?

ಅದರ ಜಾಡು ಹಿಡಿದು ಹೋದರೆ ತಲುಪುವುದು ಜರ್ಮನಿಯ ಆಫೆನ್‌ಬಾಖ್ ಎಂಬ ಊರಿಗೆ. ಕಾರ್ಲ್ ಫರ್ಡಿನಾಂಡ್ ಬೆಕರ್ ಎಂಬವನು 1775ರಲ್ಲಿ ಹುಟ್ಟಿ, ವೈದ್ಯ ವೃತ್ತಿ ಮಾಡಿ, ಆಮೇಲೆ ಶಾಲೆ ನಡೆಸಿದವನು. ಭಾಷೆ ಎಂಬುದು ಜೀವವಿರುವ ದೇಹದಂತೆ, ಅದರ ಪ್ರತಿ ಅಂಗಕ್ಕೂ ಒಂದು ಕೆಲಸವಿದೆ ಎಂದು ನಂಬಿ 1827ರಲ್ಲಿ ಒಂದು ದೊಡ್ಡ ಗ್ರಂಥ ಬರೆದ. 1831ರಲ್ಲಿ ಶಾಲೆಗಳಿಗಾಗಿ ವ್ಯಾಕರಣ ಪುಸ್ತಕ ಬಂತು. ಪದಗಳನ್ನು ಬಿಡಿಬಿಡಿಯಾಗಿ ಎತ್ತಿ ಇದು ನಾಮಪದ, ಇದು ಕ್ರಿಯಾಪದ ಎನ್ನುವ ಹಳೆಯ ಲ್ಯಾಟಿನ್ ಪದ್ಧತಿಯ ಬದಲು ಇಡೀ ವಾಕ್ಯದಿಂದ ಶುರು ಮಾಡಿ, ಅದು ಹೇಗೆ ಕವಲೊಡೆಯುತ್ತದೆ ಎಂದು ತೋರಿಸುವುದು ಅವನ ಕ್ರಮ. ಉಪವಾಕ್ಯವು ನಾಮಪದದ, ವಿಶೇಷಣದ ಅಥವಾ ಕ್ರಿಯಾವಿಶೇಷಣದ ಸ್ಥಾನದಲ್ಲಿ ಬಂದು ಕೂರುತ್ತದೆ ಎಂಬ ವಿಂಗಡಣೆ ಅವನ ಕಾಣಿಕೆ. ಇಂಗ್ಲೆಂಡಿನ ಶಾಲಾ ಇನ್‌ಸ್ಪೆಕ್ಟರ್ ಜೆ. ಡಿ. ಮೋರೆಲ್ 1852ರಲ್ಲಿ ಇದನ್ನು ಇಂಗ್ಲಿಷಿಗೆ ಒಗ್ಗಿಸಿ ‘ಅನಾಲಿಸಿಸ್ ಆಫ್ ಸೆಂಟೆನ್ಸಸ್’ ಪ್ರಕಟಿಸಿದ. ಇನ್‌ಸ್ಪೆಕ್ಟರನೇ ಬರೆದ ಪುಸ್ತಕ ಎಂದ ಮೇಲೆ ಶಾಲೆಗಳಲ್ಲಿ ಹಬ್ಬದೆ ಇರುತ್ತದೆಯೇ? ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಮೂವರು ಇಂಗ್ಲಿಷ್ ಶಾಲೆಗಳ ಖಾಯಂ ನಿವಾಸಿಗಳಾದರು.

ಅದೇ ಹೊತ್ತಿಗೆ ಭಾರತದಲ್ಲಿ ಪರೀಕ್ಷೆಯ ಯುಗ ಆರಂಭವಾಯಿತು. 1854ರಲ್ಲಿ ಚಾರ್ಲ್ಸ್ ವುಡ್‌ನ ಶಿಕ್ಷಣ ಪತ್ರ, 1857ರಲ್ಲಿ ಮದರಾಸು ವಿಶ್ವವಿದ್ಯಾಲಯ, ಅದರ ಮೆಟ್ರಿಕ್ಯುಲೇಶನ್. ಮಂಗಳೂರಿನಲ್ಲಿ 1868ರಲ್ಲಿ ಸರಕಾರಿ ಕಾಲೇಜು, 1880ರಲ್ಲಿ ಸೈಂಟ್ ಅಲೋಶಿಯಸ್, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲ್. ಇವುಗಳಿಗೆಲ್ಲ ಮದರಾಸಿನ ಪರೀಕ್ಷೆಯೇ ಅಳತೆಗೋಲು, ಆ ಪರೀಕ್ಷೆಯ ಹೆಬ್ಬಾಗಿಲು ಇಂಗ್ಲಿಷ್. ಗುಮಾಸ್ತಿಕೆ, ವಕೀಲಿಕೆ, ಮಾಷ್ಟ್ರಿಕೆ ಯಾವುದು ಬೇಕಾದರೂ ಆ ಬಾಗಿಲು ದಾಟಬೇಕು. ಪುತ್ತೂರು ಕಡೆಯ ಹುಡುಗರು ಮಂಗಳೂರಿನಲ್ಲಿ ಯಾರದೋ ಮನೆಯಲ್ಲಿ ವಾರಾನ್ನ ಉಂಡು ಓದಿದ್ದು ಇದಕ್ಕಾಗಿ.

1890ರ ದಶಕದಲ್ಲಿ ಜೆ. ಸಿ. ನೆಸ್‌ಫೀಲ್ಡರ ವ್ಯಾಕರಣಮಾಲೆ ಬಂತು. ಅವರು ವಾಯವ್ಯ ಪ್ರಾಂತ ಮತ್ತು ಔಧ್‌ನಲ್ಲಿ ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದವರು. ಭಾರತದ ಹುಡುಗರು ಎಲ್ಲೆಲ್ಲಿ ಎಡವುತ್ತಾರೆ ಎಂದು ಕಂಡಿದ್ದರು. ಮ್ಯಾಕ್‌ಮಿಲನ್ ಅಚ್ಚು ಹಾಕಿದ ಆ ಪುಸ್ತಕಗಳು ಮುಂದಿನ ಅರ್ಧ ಶತಮಾನ ದೇಶದ ಹೈಸ್ಕೂಲುಗಳನ್ನು ಆಳಿದವು. ಹಲಗೆಯ ಮೇಲಿನ ಆ ಕೋಷ್ಟಕ, ಕಲಮುಗಳು ಮನೆಮಾತಾದದ್ದು ನೆಸ್‌ಫೀಲ್ಡರ ಮೂಲಕ. 1930ರ ದಶಕದ ನಡುವಿನಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಈ ಪಿ. ಸಿ. ರೆನ್ ಬೊಂಬಾಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು, ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯಿಂದ ಜಗತ್ತಿಗೆ ಪರಿಚಿತನಾದವನು. ಕೆಂಪು ರಟ್ಟಿನ ಆ ವ್ಯಾಕರಣ ಇಂದಿಗೂ ಅಚ್ಚಾಗುತ್ತಿದೆ.

ಪುತ್ತೂರಿಗೇ ಹೈಸ್ಕೂಲು ಬಂದದ್ದರಲ್ಲಿ ವಕೀಲ ಮೊಳಹಳ್ಳಿ ಶಿವರಾಯರ ಹೆಸರು ಮೊದಲು ಬರುತ್ತದೆ. ದಕ್ಷಿಣ ಕನ್ನಡದ ಸಹಕಾರಿ ಚಳವಳಿಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ರೈತನಿಗೆ ಸಾಲವೂ ರೈತನ ಮಗನಿಗೆ ಶಾಲೆಯೂ ಒಟ್ಟಿಗೆ ಬೇಕು ಎಂದು ತಿಳಿದಿದ್ದ ಮನುಷ್ಯ. ಕೊಂಬೆಟ್ಟಿನ ಬೋರ್ಡ್ ಹೈಸ್ಕೂಲು ಎದ್ದು ನಿಂತ ಮೇಲೆ ಉಪ್ಪಿನಂಗಡಿ, ಬೆಳ್ಳಾರೆ, ನರಿಮೊಗರು, ಸವಣೂರು ಕಡೆಯ ಹುಡುಗರು ಮಂಗಳೂರಿನ ವಾರಾನ್ನ ತಪ್ಪಿಸಿಕೊಂಡು ಊರ ಹತ್ತಿರವೇ ಆರನೆಯ ಫಾರಂವರೆಗೆ ಓದಬಹುದಾಯಿತು. ಗದ್ದೆಯ ಪುಣಿಯಲ್ಲಿ ನಡೆದುಕೊಂಡು ಬಂದು, ಸಂಜೆ ಹಾಗೆಯೇ ಮರಳುವ ಹುಡುಗನ ಚೀಲದಲ್ಲಿ ಬೆಕರ್‌ನ ಉಪವಾಕ್ಯವೂ ಮೂರನೆಯ ಕೈಯಿಂದ ನಾಲ್ಕನೆಯ ಕೈಗೆ ದಾಟಿ ಬಂದು ಸೇರಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಪ್ರಯಾಣವೂ ನಡೆಯುತ್ತಿತ್ತು, ಬಿಳಿಯರು ಕನ್ನಡ ಕಲಿಯುತ್ತಿದ್ದರು. ಶ್ರೀರಾಂಪುರದ ವಿಲಿಯಂ ಕೇರಿ 1817ರಲ್ಲಿ, ಮದರಾಸಿನ ಅಧಿಕಾರಿ ಜಾನ್ ಮೆಕರೆಲ್ 1820ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಈ ಕೆಲಸವನ್ನು ಇನ್ನೂ ಆಳಕ್ಕೆ ಒಯ್ದರು. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಬರೆದರು. ಅದೇ ವರ್ಷ ಫರ್ಡಿನಾಂಡ್ ಕಿಟೆಲ್ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1894ರ ನಿಘಂಟಿನ ನಂತರ 1903ರಲ್ಲಿ, ತಾವು ತೀರಿಕೊಂಡ ವರ್ಷವೇ, ಕಿಟೆಲರು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣ ಹೊರತಂದರು. ಇವರಿಗೆಲ್ಲ ಎದುರಾದ ಬಿಕ್ಕಟ್ಟು ಪುತ್ತೂರಿನ ಹುಡುಗನ ಬಿಕ್ಕಟ್ಟಿನ ತಲೆಕೆಳಗು ರೂಪ. ತಮ್ಮ ‘ಹೂ’, ‘ವಿಚ್’ಗಳನ್ನು ಕನ್ನಡದ ಯಾವ ಜಾಗದಲ್ಲಿ ಇಡುವುದು? 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ಇದನ್ನು ಸರಿಯಾಗಿ ಗುರುತಿಸಿದ್ದರು. ಈ ಭಾಷೆಗಳಲ್ಲಿ ಇಂಗ್ಲಿಷಿನ ಬಗೆಯ ಸಂಬಂಧ ಸರ್ವನಾಮ ಇಲ್ಲ, ಆ ಕೆಲಸವನ್ನು ಕ್ರಿಯಾಪದದ ಕೃದಂತ ರೂಪವೇ ಮಾಡುತ್ತದೆ ಎಂದರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿದರೆ ತಿಳಿಯುತ್ತದೆ, ಎರಡು ‘ಹೂ’ಗಳಿಲ್ಲದೆ ಅದು ಹೊರಡುವುದಿಲ್ಲ.

ಕನ್ನಡ ಶಾಲಾ ವ್ಯಾಕರಣಗಳನ್ನು ಬರೆದವರು ಬಹುಮಟ್ಟಿಗೆ ಇಂಗ್ಲಿಷ್ ಹೈಸ್ಕೂಲಿನಿಂದ ಹೊರಬಂದವರು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಅಧ್ಯಾಪಕರಾಗಿ, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರಾಗಿ ಜಿಲ್ಲೆಯನ್ನು ಸುತ್ತಿದರು. ಮಕ್ಕಳಿಗೆ ಪದ್ಯ, ಕಥೆ ಬರೆದ ಕೈಯೇ ‘ಕನ್ನಡ ಮೂಲವ್ಯಾಕರಣ’ವನ್ನೂ ಬರೆಯಿತು. ಮಕ್ಕಳಿಗೆ ಮೊದಲು ಕಾಣುವುದು ಪ್ರತ್ಯಯವಲ್ಲ, ಪೂರ್ತಿ ಮಾತು ಎಂದು ಅರಿತ ಆ ತಲೆಮಾರಿನವರಿಗೆ ಸಂಧಿಯಿಂದ ಆರಂಭಿಸಿ ಅವ್ಯಯದಲ್ಲಿ ಮುಗಿಯುವ ಕೇಶಿರಾಜನ ಕ್ರಮವೊಂದೇ ಸಾಲದಾಯಿತು. ವಾಕ್ಯಕ್ಕೆ ಒಂದು ಅಧ್ಯಾಯ ಬೇಕು. ಆ ಅಧ್ಯಾಯಕ್ಕೆ ಕೈಗೆ ಸಿಕ್ಕಿದ ಸಿದ್ಧ ಮಾದರಿ ಇಂಗ್ಲಿಷಿನದು. ಹೀಗೆ ಸಿಂಪಲ್ ಎಂಬುದು ಸಾಮಾನ್ಯ ವಾಕ್ಯವಾಗಿ, ಕಾಂಪೌಂಡ್ ಸಂಯೋಜಿತವಾಗಿ, ಕಾಂಪ್ಲೆಕ್ಸ್ ಮಿಶ್ರವಾಗಿ ಕನ್ನಡ ಪಠ್ಯಕ್ಕೆ ಇಳಿದವು. ಅವುಗಳ ಜೊತೆಗೇ ಪೂರ್ಣವಿರಾಮ, ಅರ್ಧವಿರಾಮ, ಪ್ರಶ್ನಾರ್ಥಕ, ಉದ್ಗಾರದ ಚಿಹ್ನೆಗಳೂ. ತಪ್ಪೇನಿಲ್ಲ, ಭಾಷೆಗಳು ಒಂದರಿಂದೊಂದು ಕಲಿಯುತ್ತವೆ. ತೊಂದರೆಯಾದದ್ದು ಅಳತೆ ತೆಗೆಯದೆ ಹೊಲಿದದ್ದರಿಂದ. ‘ತಡವಾಗಿ ಬಂದ’ ಎಂಬುದರಲ್ಲಿ ಪೂರ್ಣ ಕ್ರಿಯಾಪದ ಇಲ್ಲವಾದ್ದರಿಂದ ಈ ಲೆಕ್ಕದಲ್ಲಿ ಅದು ಉಪವಾಕ್ಯವೇ ಅಲ್ಲ. ‘ಮಳೆ ಬಂದರೆ ಆಟ ನಿಲ್ಲುತ್ತದೆ’ ಎಂಬುದರಲ್ಲಿ ಎರಡು ಘಟನೆಗಳಿದ್ದರೂ ಕ್ರಿಯಾಪದ ಎಣಿಸಿದ ಮಗು ಅದನ್ನು ಸಾಮಾನ್ಯ ವಾಕ್ಯ ಎಂದು ಬರೆದರೆ ಆ ಮಗುವಿನದೇನು ತಪ್ಪು?

ಪುತ್ತೂರಿನ ಪರ್ಲಡ್ಕದಲ್ಲಿ ಇನ್ನೊಬ್ಬರು ಶಿಕ್ಷಣದ ಬಗ್ಗೆ ಬೇರೆಯೇ ದಿಕ್ಕಿನಿಂದ ಯೋಚಿಸುತ್ತಿದ್ದರು. ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟ ಶಿವರಾಮ ಕಾರಂತರು ಮುಂದೆ ಪುತ್ತೂರಿನಲ್ಲಿ ನೆಲೆಸಿ ಬಾಲವನ ಕಟ್ಟಿದರು. ದಶಕಗಳ ಕಾಲ ಅದೇ ಅವರ ಮನೆ, ಶಾಲೆ, ಅಚ್ಚುಕೂಟ. 1930ರ ದಶಕದಲ್ಲಿ ಬಂದ ‘ಬಾಲ ಪ್ರಪಂಚ’ದ ಸಂಪುಟಗಳು ಮಗುವಿನ ಮುಂದೆ ವ್ಯಾಕರಣವನ್ನಲ್ಲ, ಜಗತ್ತನ್ನು ಇಟ್ಟವು. ಇಂಗ್ಲಿಷ್ ಪುಸ್ತಕಗಳನ್ನು ಧಾರಾಳವಾಗಿ ಓದಿ, ಅವುಗಳ ತಿಳಿವಳಿಕೆಯನ್ನು ಕನ್ನಡದ ಸಣ್ಣ ಸಣ್ಣ ನೇರ ವಾಕ್ಯಗಳಿಗೆ ಇಳಿಸುವ ಸಾಮರ್ಥ್ಯ ಕಾರಂತರದು. ಕೊಂಬೆಟ್ಟಿನ ಕೋಷ್ಟಕ ಮತ್ತು ಪರ್ಲಡ್ಕದ ಬಾಲವನ ಒಂದೇ ಪೇಟೆಯ ಎರಡು ತುದಿಗಳಲ್ಲಿ ಇದ್ದವು ಎಂಬುದು ಪುತ್ತೂರಿನ ಶಿಕ್ಷಣ ಚರಿತ್ರೆ ಬರೆಯುವವರು ಬಿಡಬಾರದ ಸಂಗತಿ.

1956ರ ನವೆಂಬರ್ 1ರಂದು ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಫಾರಂಗಳು ಹೋಗಿ ಸ್ಟ್ಯಾಂಡರ್ಡುಗಳು ಬಂದವು. 1958ರಲ್ಲಿ ಪುತ್ತೂರಿಗೆ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, 1976ರಲ್ಲಿ ಸುಳ್ಯಕ್ಕೆ ಕುರುಂಜಿ ವೆಂಕಟರಮಣ ಗೌಡರ ನೆಹರು ಮೆಮೋರಿಯಲ್ ಕಾಲೇಜು ಬಂದವು. ಇಷ್ಟರಲ್ಲಿ ಇಂಗ್ಲಿಷ್ ಕಲಿಸುವ ರೀತಿಯೇ ಬದಲಾಗತೊಡಗಿತ್ತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ತೆರೆಯಿತು. ಕೋಷ್ಟಕ ಬೇಡ, ವಾಕ್ಯದ ಅಚ್ಚುಗಳನ್ನು ಬಾಯಲ್ಲಿ ರೂಢಿ ಮಾಡಿಸಿ ಎಂಬ ಸ್ಟ್ರಕ್ಚರಲ್ ಪದ್ಧತಿಯಲ್ಲಿ ಅಲ್ಲಿ ಶಿಕ್ಷಕರಿಗೆ ತರಬೇತಿ ಸಿಕ್ಕಿತು. ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುವ ಕಾಲ ಅದು. ಅದೂ ಸಾಲದೆಂದು ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷಾಶಿಕ್ಷಣದ ಲೋಕದಲ್ಲಿ ಅದು ಬೆಂಗಳೂರು ಪ್ರಾಜೆಕ್ಟ್ ಎಂದೇ ಪ್ರಸಿದ್ಧ. ವ್ಯಾಕರಣವನ್ನು ನೇರವಾಗಿ ಹೇಳಿಕೊಡುವುದೇ ಇಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಲೆಕ್ಕಾಚಾರದಂಥ ಕೆಲಸ ಕೊಟ್ಟು, ಅದನ್ನು ಇಂಗ್ಲಿಷಿನಲ್ಲಿ ಬಿಡಿಸುವಾಗ ವಾಕ್ಯರಚನೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರ ಅವರ ಪುಸ್ತಕವನ್ನು ಇಂದಿಗೂ ಅನೇಕ ದೇಶಗಳ ಶಿಕ್ಷಕರು ಓದುತ್ತಾರೆ.

ಪದ್ಧತಿಗಳು ಬಂದವು, ಹೋದವು. ಹಳ್ಳಿಯ ಶಾಲೆಯಲ್ಲಿ ಉಳಿದದ್ದು ಎಲ್ಲದರ ಸ್ವಲ್ಪ ಸ್ವಲ್ಪ. ಒಂದನ್ನು ಮಾತ್ರ ಯಾವ ಪದ್ಧತಿಯೂ ಗಂಭೀರವಾಗಿ ಹಿಡಿಯಲಿಲ್ಲ. ಮಗುವಿನ ಮನೆಮಾತು ತನ್ನ ವಾಕ್ಯವನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಮೊದಲು ಮಗುವಿಗೇ ತೋರಿಸುವ ಕೆಲಸ ಅದು. ನೆಸ್‌ಫೀಲ್ಡರಿಗೆ ಅದು ಸಾಧ್ಯವಿರಲಿಲ್ಲ, ಸ್ಟ್ರಕ್ಚರಲ್ ಪದ್ಧತಿಗೆ ಅದು ಬೇಡವಾಗಿತ್ತು.

ಈ ಪ್ರಶ್ನೆಯನ್ನು ಬುಡದಿಂದ ಎತ್ತಿದವರು ಇದೇ ಸೀಮೆಯವರು. 1935ರಲ್ಲಿ ಹುಟ್ಟಿದ, ಹೆಸರಿನ ಮೊದಲ ಅಕ್ಷರದಲ್ಲಿಯೇ ದರ್ಬೆ ಎಂಬ ಊರಹೆಸರನ್ನು ಇಟ್ಟುಕೊಂಡ ಡಿ. ಎನ್. ಶಂಕರ ಭಟ್ಟರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಿ, ತುಳುವಿನ ರಚನೆಯನ್ನು ವಿವರಿಸುವ ಗ್ರಂಥದಿಂದ ತಮ್ಮ ಕೆಲಸ ಆರಂಭಿಸಿದರು. ಎಂ. ಮರಿಯಪ್ಪ ಭಟ್ಟರ ಜೊತೆ ಹವ್ಯಕದ ವ್ಯಾಕರಣ ಬರೆದರು, ಮುಂದೆ ದೂರದ ಮಣಿಪುರಿಗೂ ವ್ಯಾಕರಣ ಬರೆದರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ಅವರು ನೇರವಾಗಿ ಹೇಳಿದ್ದು, ಕನ್ನಡದ ಸ್ವಭಾವವನ್ನು ಕನ್ನಡದ ಬಳಕೆಯಿಂದಲೇ ಕಂಡುಕೊಳ್ಳಬೇಕು, ಸಂಸ್ಕೃತದ ಚೌಕಟ್ಟಿಗೆ ಅದನ್ನು ತುರುಕಬಾರದು ಎಂದು. ಆ ಮಾತಿಗೆ ಬೇಕಾದಷ್ಟು ವಿರೋಧ ಬಂತು, ಈಗಲೂ ಇದೆ. ಮಹಾಪ್ರಾಣಗಳ ಬಗ್ಗೆ ಅವರು ಹೇಳಿದ್ದನ್ನು ಹಿಡಿದುಕೊಂಡು ನಡೆದ ಜಗಳದ ಗದ್ದಲದಲ್ಲಿ, ವಾಕ್ಯದ ಬಗ್ಗೆ ಅವರು ಮಾಡಿದ ಕೆಲಸ ಓದುಗರ ಕಿವಿಗೆ ಸರಿಯಾಗಿ ಬೀಳಲಿಲ್ಲ. ಅದು ನಷ್ಟ.

ಇಂಗ್ಲಿಷಿನಲ್ಲಿ ಅವರು 1991ರಲ್ಲಿ ಪ್ರಕಟಿಸಿದ ‘ಗ್ರಮಾಟಿಕಲ್ ರಿಲೇಶನ್ಸ್’ ಎತ್ತಿದ್ದು ಕೋಷ್ಟಕದ ಮೊದಲ ಕಲಮಿನ ಪ್ರಶ್ನೆ. ಪ್ರತಿ ವಾಕ್ಯಕ್ಕೂ ಒಂದು ಸಬ್ಜೆಕ್ಟ್ ಇರಲೇಬೇಕೇ? ‘ನನಗೆ ಇಂಗ್ಲಿಷ್ ಬರುತ್ತದೆ’ ಎಂಬ ಮಾತನ್ನು ನೋಡಿ. ತುಳುವಿನಲ್ಲಿ ‘ಎಂಕ್ ಇಂಗ್ಲಿಷ್ ಬರ್ಪುಂಡು’. ಇಂಗ್ಲಿಷಿನಲ್ಲಿ ‘ಐ ನೋ ಇಂಗ್ಲಿಷ್’, ಅಲ್ಲಿ ‘ಐ’ ಸಬ್ಜೆಕ್ಟ್, ಸಂದೇಹವಿಲ್ಲ. ಕನ್ನಡದಲ್ಲಿ ಕ್ರಿಯಾಪದ ಹೊಂದಿಕೊಂಡದ್ದು ಇಂಗ್ಲಿಷಿನ ಜೊತೆ. ಬಲ್ಲವನು ಮಾತ್ರ ‘ಗೆ’ ವಿಭಕ್ತಿಯಲ್ಲಿ ಬದಿಗೆ ನಿಂತಿದ್ದಾನೆ. ಹಸಿವು, ಚಳಿ, ಸಿಟ್ಟು, ನೆನಪು ಎಲ್ಲವೂ ನಮಗೆ ಬರುತ್ತವೆ, ಆಗುತ್ತವೆ. ಇಂಗ್ಲಿಷಿನವನು ಅವನ್ನೆಲ್ಲ ತಾನೇ ಮಾಡುತ್ತಾನೆ ಅಥವಾ ತಾನೇ ಅವು ಆಗಿರುತ್ತಾನೆ. ಇಂಗ್ಲಿಷಿಗೆ ಸಬ್ಜೆಕ್ಟ್ ಎಂಬುದು ಬೇಕೇ ಬೇಕು, ಆದರೆ ಕನ್ನಡದಂಥ ಭಾಷೆಯನ್ನು ವಿವರಿಸಲು ಅದು ಅಗತ್ಯವಿಲ್ಲ, ಯಾರು ಮಾಡಿದರು ಎಂಬುದನ್ನೂ ಯಾವುದಕ್ಕೆ ಒತ್ತು ಎಂಬುದನ್ನೂ ಕನ್ನಡ ಬೇರೆ ಬೇರೆಯಾಗಿ ತೋರಿಸುತ್ತದೆ ಎಂಬುದು ಶಂಕರ ಭಟ್ಟರ ವಾದ.

ಪ್ರಶ್ನಾವಾಕ್ಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂದು ಇಂಗ್ಲಿಷ್ ಪುಸ್ತಕ ವಾಕ್ಯಗಳನ್ನು ನಾಲ್ಕು ಮಾಡುತ್ತದೆ. ಹೇಳಿಕೆಯಿಂದ ಪ್ರಶ್ನೆಗೆ ದಾಟಲು ಇಂಗ್ಲಿಷಿನಲ್ಲಿ ‘ವಿಲ್’ ಮುಂದೆ ಬರಬೇಕು, ಏನೂ ಇಲ್ಲದಿದ್ದರೆ ‘ಡೂ’, ‘ಡಸ್’, ‘ಡಿಡ್’ ಹುಡುಕಿ ತರಬೇಕು, ತಂದ ಮೇಲೆ ‘ಕೇಮ್’ ಎಂಬುದನ್ನು ‘ಕಮ್’ ಮಾಡಬೇಕು. ಕನ್ನಡಕ್ಕೆ ಒಂದು ‘ಆ’ ಸಾಕು. ‘ನೀನು ನಾಳೆ ಬರ್ತೀಯಾ?’, ‘ನಾಳೆಯಾ ನೀನು ಬರುವುದು?’, ‘ನೀನಾ ನಾಳೆ ಬರುವುದು?’ ಸಂದೇಹ ಯಾವ ಪದದ ಮೇಲೋ ‘ಆ’ ಅದರ ಮೇಲೆ. ತುಳುವಿನ ‘ಈ ಎಲ್ಲೆ ಬರ್ಪನಾ?’ ಕೂಡ ಹಾಗೆಯೇ. ಈ ಮೂರು ಪ್ರಶ್ನೆಗಳ ವ್ಯತ್ಯಾಸವನ್ನು ಎರಡನೆಯ ತರಗತಿಯ ಮಗು ಬಾಯಿಮಾತಿನಲ್ಲಿ ತಪ್ಪದೆ ಬಳಸುತ್ತದೆ. ಇಂಗ್ಲಿಷಿನಲ್ಲಿ ಎರಡನೆಯದನ್ನು, ಮೂರನೆಯದನ್ನು ಕೇಳಬೇಕಾದರೆ ‘ಈಸ್ ಇಟ್ ಟುಮಾರೋ ದಟ್ ಯೂ ಆರ್ ಕಮಿಂಗ್?’ ಎಂದು ಇನ್ನೊಂದು ಉಪವಾಕ್ಯವನ್ನೇ ಕಟ್ಟಬೇಕಾಗುತ್ತದೆ.

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಅಂಕ ಕಳೆಯುವ ಕ್ವೆಶ್ಚನ್ ಟ್ಯಾಗ್ ಇದರ ತಮ್ಮ. ಕನ್ನಡದ ‘ಅಲ್ವಾ’, ತುಳುವಿನ ‘ಅತ್ತಾ’ ಯಾವ ವಾಕ್ಯದ ಬಾಲಕ್ಕೂ ಹಿಡಿಯುತ್ತದೆ. ಅದೇ ಜಾಡಿನಲ್ಲಿ ಹೋದ ಮಗು ಎಲ್ಲದಕ್ಕೂ ‘ಈಸಂಟ್ ಇಟ್’ ಹಾಕುತ್ತದೆ. ಇಂಗ್ಲಿಷಿಗೆ ವಾಕ್ಯದ ಸಬ್ಜೆಕ್ಟು, ಸಹಾಯಕ ಕ್ರಿಯಾಪದ ಎರಡನ್ನೂ ಮತ್ತೆ ಎತ್ತಿ ತಲೆಕೆಳಗು ಮಾಡಿ ಕೊಡಬೇಕು, ಹೌದು ಎಂದಿದ್ದರೆ ಇಲ್ಲ ಎಂದು ಕೇಳಬೇಕು, ಇಲ್ಲ ಎಂದಿದ್ದರೆ ಹೌದು ಎಂದು. ಈ ತಪ್ಪನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುವ ಶಿಕ್ಷಕರು ‘ಅಲ್ವಾ’ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ಹಲಗೆಯ ಮೇಲೆ ಬರೆದು ತೋರಿಸಿದರೆ ಮಗುವಿಗೆ ತಾನೆಲ್ಲಿ ದಾರಿ ಬದಲಿಸಬೇಕು ಎಂಬುದು ಕಾಣುತ್ತದೆ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಇದ್ದ ಇಂಗ್ಲಿಷ್ 2007–08ರಿಂದ ಒಂದನೆಯ ತರಗತಿಗೆ ಬಂತು. 2019–20ರಲ್ಲಿ ರಾಜ್ಯದ 1,000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಶುರುವಾದವು. ಹೀಗಾಗಿ ‘ಹೂ’, ‘ದಟ್’, ‘ಇಫ್’ ಪುತ್ತೂರು, ಕಡಬ, ಸುಳ್ಯದ ಮಕ್ಕಳಿಗೆ ಆರು ವರ್ಷಕ್ಕೇ ಎದುರಾಗುತ್ತಿವೆ. ಪಠ್ಯಪುಸ್ತಕ ಈಗ ಉಪವಾಕ್ಯ ಎಂಬ ಹೆಸರನ್ನು ಬಹುಕಾಲ ಎತ್ತುವುದಿಲ್ಲ, ಕಥೆಯಲ್ಲಿ, ಸಂಭಾಷಣೆಯಲ್ಲಿ ಅವನ್ನು ಬೆರೆಸಿ ಕೊಡುತ್ತದೆ. ಪ್ರೌಢಶಾಲೆಗೆ ಬಂದಾಗ ಎರಡು ವಾಕ್ಯಗಳನ್ನು ಕೂಡಿಸಿ ಬರೆಯಿರಿ, ಇಫ್ ಕ್ಲಾಜ್ ಗುರುತಿಸಿ, ಹೇಳಿದ ಮಾತನ್ನು ರಿಪೋರ್ಟೆಡ್ ಸ್ಪೀಚಿಗೆ ತಿರುಗಿಸಿ ಎಂಬ ಪ್ರಶ್ನೆಗಳು ಬರುತ್ತವೆ. ‘ಬರ್ಸ ಬತ್ತ್‌ಂಡ’ ಎಂದು ಮನೆಯಂಗಳದಲ್ಲಿ ಹೇಳಿ ಬಂದ ಮಗುವಿಗೆ ಇಫ್ ಕ್ಲಾಜಿನ ಅರ್ಥ ಹೊಸದಲ್ಲ, ಅದರ ಕೊಂಡಿ ವಾಕ್ಯದ ಹಿಂದಿನಿಂದ ಮುಂದಕ್ಕೆ ಬಂದದ್ದಷ್ಟೇ ಹೊಸದು. ಶಂಕರ ಭಟ್ಟರ ತುಳು ಗ್ರಂಥ 1967ರಲ್ಲಿ, ಹವ್ಯಕದ ವ್ಯಾಕರಣ 1971ರಲ್ಲಿ ಡೆಕ್ಕನ್ ಕಾಲೇಜಿನಿಂದ ಅಚ್ಚಾದವು. ಈ ಸೀಮೆಯ ಇಂಗ್ಲಿಷ್ ಮಾಷ್ಟ್ರುಗಳಿಗೆ, ಟೀಚರುಗಳಿಗೆ ಕೊಡುವ ತರಬೇತಿಯಲ್ಲಿ ಅವನ್ನು ಎದುರಿಗಿಟ್ಟುಕೊಂಡು ಒಂದು ದಿನ ಕಳೆದರೂ, ನರಿಮೊಗರಿನ ಹಲಗೆಯ ಮೇಲೆ ‘ಹೂ ಕೇಮ್ ಲೇಟ್’ ಪಕ್ಕದಲ್ಲಿ ‘ತಡವಾಗಿ ಬಂದ’ ಎಂದೂ ಬರೆಯಲು ಬೇಕಾದ ಸಾಮಗ್ರಿ ಸಿಗುತ್ತದೆ.